ಶೃಂಗೇರಿ ಲೂಟಿಯಾದಾಗ ನಾವೆಲ್ಲಿದ್ದೆವು?

1791ರಲ್ಲಿ ಶೃಂಗೇರಿ ಮಠ ಲೂಟಿಯಾಯಿತು. ಲೂಟಿ ಮಾಡಿದವರು ಮುಸಲ್ಮಾನರಲ್ಲ, ಮರಾಠಾ ದಂಡಿನವರು. ದಂಡಿನ ದೊಡ್ಡ ಸರದಾರ ಪರಶುರಾಮ ಭಾವು ಪಟವರ್ಧನ. ಜಾತಿಯಲ್ಲಿ ಚಿತ್ಪಾವನ ಬ್ರಾಹ್ಮಣ. ಇಂಗ್ಲಿಷರು, ನಿಜಾಮ, ಮರಾಠರು ಮೂವರೂ ಒಟ್ಟಾಗಿ ಟಿಪ್ಪುವಿನ ಮೇಲೆ ಬಿದ್ದಿದ್ದ ಕಾಲ ಅದು. ಕುದುರೆ ಸವಾರರು ಶೃಂಗೇರಿಗೆ ನುಗ್ಗಿದರು. ಬ್ರಾಹ್ಮಣರೂ ಸೇರಿ ಹಲವರನ್ನು ಕೊಂದರು, ಗಾಯ ಮಾಡಿದರು. ಶಾರದೆಯ ಮೂರ್ತಿಯನ್ನು ಪೀಠದಿಂದ ಕದಲಿಸಿದರು. 60 ಲಕ್ಷ ರೂಪಾಯಿ ಬೆಲೆಯ ಸ್ವತ್ತು ಹೋಯಿತೆಂದು ಲೆಕ್ಕ ಹೇಳುತ್ತಾರೆ. ಆಗ ಪೀಠದಲ್ಲಿದ್ದ ಮೂರನೆಯ ಸಚ್ಚಿದಾನಂದ ಭಾರತಿಗಳು ಘಟ್ಟ ಇಳಿದು ಕಾರ್ಕಳಕ್ಕೆ ಬಂದು ಕೂತರು.

ಸ್ವಾಮಿಗಳು ಟಿಪ್ಪುವಿಗೆ ಕಾಗದ ಬರೆದರು. ಟಿಪ್ಪು ಉತ್ತರ ಬರೆದ, ಕನ್ನಡದಲ್ಲಿ. ಇಂಥ ಪುಣ್ಯಸ್ಥಳಕ್ಕೆ ದ್ರೋಹ ಬಗೆದವರು ಈ ಕಲಿಯುಗದಲ್ಲೇ ಬೇಗ ಅದರ ಫಲ ಉಣ್ಣುತ್ತಾರೆ ಎಂದ. ನಗುತ್ತ ಮಾಡಿದ ಪಾಪವನ್ನು ಅಳುತ್ತ ಅನುಭವಿಸಬೇಕು ಎನ್ನುವ ಅರ್ಥದ ಸಂಸ್ಕೃತ ಮಾತೊಂದನ್ನೂ ಅದಕ್ಕೆ ಸೇರಿಸಿದ. ಶಾರದೆಯ ಪುನಃ ಪ್ರತಿಷ್ಠೆಗೆ 200 ರಾಹತಿ ನಗದು, 200 ರಾಹತಿ ಬೆಲೆಯ ದವಸ ಕೊಡಬೇಕೆಂದು ಬಿದನೂರಿನ ಅಧಿಕಾರಿಗೆ ಹುಕುಂ ಮಾಡಿದ. ರಾಹತಿ ಎಂದರೆ ಅವನ ಕಾಲದ ಹಣ. 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಮಠದ ಕಡತಗಳಿಂದ ಈ ಕಾಗದಗಳನ್ನು ಬೆಳಕಿಗೆ ತಂದರು. ಹಾಗಾಗಿ ಇದು ಯಾರೋ ಪಕ್ಷದವರು ಕಟ್ಟಿದ ಕತೆಯಲ್ಲ. ಲೂಟಿಗೆ ಒಳಗಾದ ಮಠವೇ ನೂರಿಪ್ಪತ್ತೈದು ವರ್ಷ ಕಾಪಾಡಿ ಇಟ್ಟುಕೊಂಡಿದ್ದ ಸಾಕ್ಷಿ.

ಈ ಹಳೇ ಪುರಾಣ ಈಗ ಯಾಕೆ ಎಂದು ಕೇಳಬಹುದು. ಕಾರಣ ಇದೆ.

ಹೆಮ್ಮಾಡಿ ಎಂದರೆ ಹೆದ್ದಾರಿಯಿಂದ ಕೊಲ್ಲೂರಿನ ಬಸ್ಸು ಬಲಕ್ಕೋ ಎಡಕ್ಕೋ ತಿರುಗುವ ಊರು. ಕುಂದಾಪುರದಿಂದ ಬಂದರೆ ಬಲಕ್ಕೆ, ಬೈಂದೂರಿನಿಂದ ಬಂದರೆ ಎಡಕ್ಕೆ. ಇಲ್ಲಿಗೆ ಎಲ್ಲ ಕಡೆಯ ಭಕ್ತರೂ ಬರುತ್ತಾರೆ, ಚಾ ಕುಡಿಯುತ್ತಾರೆ, ಹೋಗುತ್ತಾರೆ. ಈಚೆಗೆ ಭಕ್ತರ ಜೊತೆ ಭಾಷಣಕಾರರೂ ಬರುತ್ತಿದ್ದಾರೆ. ನಮ್ಮ ಕೇರಿಯ ಹುಡುಗರನ್ನು ಹುಡುಕಿಕೊಂಡು ಬಂದು, ತೋಳ ಮೇಲೆ ಕೈಹಾಕಿ, “ನಮ್ಮ ದೇವಸ್ಥಾನಗಳನ್ನು ಹೊರಗಿನವರು ಲೂಟಿ ಮಾಡಿದರು. ನಿಮ್ಮ ರಕ್ತ ಕುದಿಯುವುದಿಲ್ಲವಾ?” ಎಂದು ಕೇಳುತ್ತಾರೆ. ಆ ತೋಳ ಮೇಲೆ ಅವರ ಜಾತಿಯವರ ಕೈ ಬಿದ್ದದ್ದು ಇದೇ ಮೊದಲು. ಹುಡುಗರು ಕರಗಿ ಹೋಗುತ್ತಾರೆ. ಕರಗದೆ ಇನ್ನೇನು ಮಾಡಬೇಕು? ನಾವು ಮನೆಯಲ್ಲಿ ಮೊದಲು ಡಿಗ್ರಿ ಪಾಸು ಮಾಡಿದವರು, ಎರಡು ಪದ್ಯ ಅಚ್ಚಾದವರು ಎಂದು ತಿಳಿದು ನಮ್ಮ ಬಳಿಗೂ ಬಂದರು. “ಲೂಟಿಯಾದ ದೇವಾಲಯಗಳ ಮೇಲೆ ಒಂದು ಪದ್ಯ ಬರೆದು ಸಭೆಯಲ್ಲಿ ಓದಿ, ಒಳ್ಳೇ ಮೈಕು ಇದೆ” ಎಂದರು.

ಪದ್ಯ ಬರೆಯಲು ಕೂತೆವು. ಮೊದಲನೇ ಸಾಲಿನ ಮೊದಲನೇ ಶಬ್ದದಲ್ಲೇ ಪೆನ್ನು ನಿಂತಿತು. ‘ನಮ್ಮ’ ಎಂಬ ಶಬ್ದ ಅದು.

ಲೂಟಿ ಎಂದರೆ ಯಾರದ್ದು ಹೋಯಿತು ಎನ್ನುವ ಮಾತು ಬರಲೇಬೇಕು. ಕಳವಿನ ಕಂಪ್ಲೇಂಟು ಕೊಡಲು ಪೊಲೀಸು ಠಾಣೆಗೆ ಹೋದರೂ ಮೊದಲು ಕೇಳುವುದು ಅದನ್ನೇ. ಆ 60 ಲಕ್ಷ ಎಲ್ಲಿಂದ ಬಂದಿತ್ತು? 1346ರಲ್ಲಿ ಹರಿಹರ ಮತ್ತವನ ತಮ್ಮಂದಿರು ಶೃಂಗೇರಿಗೆ ಭೂಮಿ ಬಿಟ್ಟ ಶಾಸನ ಇದೆ. ಆಮೇಲೆ ವಿಜಯನಗರದವರು, ಕೆಳದಿಯವರು, ಹೈದರ, ಟಿಪ್ಪು, ಮೈಸೂರಿನವರು ಎಲ್ಲರೂ ಕೊಟ್ಟರು. ರಾಜ ಕೊಡುವುದು ಭೂಮಿಯನ್ನು. ಭೂಮಿ ತನ್ನಷ್ಟಕ್ಕೆ ಭತ್ತ ಬೆಳೆಯುವುದಿಲ್ಲ. ಉತ್ತವರು, ನೆಟ್ಟವರು, ಕೊಯ್ದವರು, ಬಡಿದವರು, ಹೊತ್ತವರು ಇರಬೇಕು. ನಮ್ಮ ಕರಾವಳಿಯಲ್ಲಿ ಅವರಿಗೆ ಮೂಲದ ಹೊಲೆಯರು ಎಂಬ ಹೆಸರಿತ್ತು. ಮೂಲ ಎಂದರೆ ಭೂಮಿಯ ಹಕ್ಕು. ಭೂಮಿಯ ಹಕ್ಕು ಅವರದಲ್ಲ. ಅವರೇ ಭೂಮಿಯ ಹಕ್ಕಿನೊಳಗೆ ಸೇರಿದವರು. ಗದ್ದೆ ಮಾರಿದರೆ ಗದ್ದೆಯ ಜೊತೆ ಅವರೂ ಹೋಗಬೇಕು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ದಾರಿಯಾಗಿ ಬಂದಾಗ ಕನ್ನಡ ಜಿಲ್ಲೆಯಲ್ಲಿ ಮನುಷ್ಯರನ್ನು ಕೊಂಡು ಮಾರುವುದನ್ನು ಬರೆದಿಟ್ಟ. ಶೃಂಗೇರಿ ಲೂಟಿಯಾಗಿ ಆಗ ಹತ್ತೇ ವರ್ಷ. ಗುಲಾಮಗಿರಿಗೆ ಕಾನೂನಿನ ಬೆಂಬಲ ತಪ್ಪಿದ್ದು 1843ರಲ್ಲಿ. ಗೇಣಿ ತಪ್ಪಿದ್ದು 1974ರಲ್ಲಿ, ಅದೂ ಗೇಣಿ ಚೀಟಿ ಇದ್ದವರಿಗೆ. ಚೀಟಿಯಿಲ್ಲದೆ ಕೂಲಿಗೆ ಬಗ್ಗಿದವರಿಗೆ ಆ ಕಾನೂನು ಏನು ಕೊಟ್ಟಿತೋ ನಮ್ಮ ಕೇರಿಗೆ ಬಂದು ನೋಡಬಹುದು.

ಹಾಗಾಗಿ 1791ರಲ್ಲಿ ಪಟವರ್ಧನನ ಸವಾರರು ಹೊತ್ತುಕೊಂಡು ಹೋದದ್ದು ಎರಡನೇ ಲೂಟಿ ಎಂದು ನಮಗೆ ಅನಿಸುತ್ತದೆ. ಮೊದಲನೆಯದು ಸದ್ದಿಲ್ಲದೆ, ವರ್ಷಕ್ಕೆರಡು ಸಲ, ಕೊಯ್ಲಿನ ಕಾಲಕ್ಕೆ ಸರಿಯಾಗಿ ನಡೆಯುತ್ತಿತ್ತು. ಅದಕ್ಕೆ ಖಡ್ಗ ಬೇಕಿರಲಿಲ್ಲ.

ಇನ್ನೊಂದು ಮಾತು. ದೊಡ್ಡ ದೊಡ್ಡ ಲೂಟಿಗಳಲ್ಲಿ ಕೊನೆಗೆ ತಪ್ಪು ಯಾರ ತಲೆಗೆ ಬರುತ್ತದೆ ನೋಡಿ. ಮರಾಠರ ಕಡೆಯ ಪತ್ರಗಳಲ್ಲಿ ಶೃಂಗೇರಿಯನ್ನು ದೋಚಿದವರು ಲಮಾಣಿಗಳು, ಪೆಂಡಾರಿಗಳು ಎಂದು ಬರುತ್ತದೆ. ಇದ್ದಿರಬಹುದು. ಪೆಂಡಾರಿಗಳಿಗೆ ಸಂಬಳವಿಲ್ಲ, ದೋಚಿದ್ದೇ ಸಂಬಳ. ಅವರನ್ನು ದಂಡಿನ ಮುಂದೆ ಬಿಟ್ಟವರು ಯಾರು? ಅವರು ದೋಚುತ್ತಾರೆಂದು ಗೊತ್ತಿದ್ದೇ ಬಿಟ್ಟದ್ದಲ್ಲವೇ? ಸರದಾರ ದೇವರಿಗೆ ಕೈಮುಗಿಯುವ ಬ್ರಾಹ್ಮಣನಾಗಿಯೇ ಉಳಿದ. ಪಾಪ ಲಮಾಣಿಯ ಪಾಲಿಗೆ. ಇವತ್ತೂ ಗಲಾಟೆ ಮಾಡಿಸುವವರು ಒಬ್ಬರು, ಕೇಸು ಹಾಕಿಸಿಕೊಂಡು ಕೋರ್ಟಿಗೆ ಅಲೆಯುವವರು ಇನ್ನೊಬ್ಬರು. ನಮ್ಮ ಹುಡುಗರ ತೋಳ ಮೇಲೆ ಬಿದ್ದ ಕೈ ನೆನಪಾಗಿ ಹೊಟ್ಟೆಯಲ್ಲಿ ತಣ್ಣಗಾಯಿತು.

ಗೆದ್ದವರು ದೇವಸ್ಥಾನ ದೋಚುವುದು ಒಂದು ಮತದವರ ಗುತ್ತಿಗೆಯೇನೂ ಅಲ್ಲ. ನಮ್ಮ ಪಕ್ಕದ ಬಸರೂರನ್ನೇ ತೆಗೆದುಕೊಳ್ಳಿ. 1665ರಲ್ಲಿ ಶಿವಾಜಿ ಹಡಗಿನಲ್ಲಿ ಬಂದು ಆ ಬಂದರು ಪಟ್ಟಣವನ್ನು ದೋಚಿದ. ಹೋಗುವಾಗ ದಾರಿಯಲ್ಲಿ ಗೋಕರ್ಣಕ್ಕೆ ಇಳಿದು ಶಿವರಾತ್ರಿಯ ಸ್ನಾನ ಪೂಜೆ ಮುಗಿಸಿಕೊಂಡ. ದೋಚುವುದಕ್ಕೂ ಭಕ್ತಿಗೂ ಅವನ ಕಣ್ಣಲ್ಲಿ ಜಗಳವಿರಲಿಲ್ಲ. ಕಲ್ಯಾಣವನ್ನು ಸುಟ್ಟ ಚೋಳ ದೊರೆ ಅಲ್ಲಿಯ ದ್ವಾರಪಾಲಕನನ್ನು ಹೊತ್ತುಕೊಂಡು ಹೋಗಿ, ಇಂಥಲ್ಲಿಂದ ತಂದದ್ದು ಎಂದು ಅದರ ಮೇಲೇ ಬರೆಸಿದ. ಕೃಷ್ಣದೇವರಾಯ ಉದಯಗಿರಿ ಗೆದ್ದು ಅಲ್ಲಿಯ ಬಾಲಕೃಷ್ಣನನ್ನು ಹಂಪಿಗೆ ತಂದು 1515ರಲ್ಲಿ ಪ್ರತಿಷ್ಠೆ ಮಾಡಿದ; ಆ ಗುಡಿಯನ್ನು ನೋಡಲು ಈಗ ಟಿಕೆಟ್ಟು ತೆಗೆದು ಹಂಪಿಗೆ ಹೋಗುತ್ತೇವೆ, ಲೂಟಿ ಎಂಬ ಶಬ್ದ ಯಾರ ಬಾಯಲ್ಲೂ ಬರುವುದಿಲ್ಲ. ಅಬ್ಬಲೂರಿನಲ್ಲಿ ಏಕಾಂತದ ರಾಮಯ್ಯ ಜಿನಬಿಂಬ ಒಡೆದದ್ದನ್ನು ಕಲ್ಲಿನಲ್ಲೇ ಕೆತ್ತಿಟ್ಟಿದ್ದಾರೆ, ಹೆಮ್ಮೆಯಿಂದ. ಮಹಮೂದ್ ಘಜ್ನಿ 1026ರಲ್ಲಿ ಸೋಮನಾಥ ದೋಚಿದ್ದು ಸುಳ್ಳಲ್ಲ. ಮಲಿಕ್ ಕಾಫರ್ 1311ರಲ್ಲಿ ಹಳೇಬೀಡಿಗೆ ಬಂದದ್ದೂ ಸುಳ್ಳಲ್ಲ. ಶೃಂಗೇರಿಗೆ ಅಷ್ಟು ಭಕ್ತಿಯಿಂದ ಬರೆದ ಟಿಪ್ಪುವೇ 1784ರಲ್ಲಿ ನಮ್ಮ ಕರಾವಳಿಯ ಕ್ರಿಸ್ತುವರನ್ನು ಸಂಸಾರ ಸಮೇತ ಹಿಡಿಸಿ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಎಳೆಸಿದ. ಅವರ ಇಗರ್ಜಿಗಳನ್ನು ಕೆಡವಿಸಿದ. ಮಂಗಳೂರಿನ ಮಿಲಾಗ್ರಿಸ್ ಆಗಲೇ ಬಿದ್ದದ್ದು. ಅವನನ್ನು ದೇವಮಾನವ ಮಾಡಿ ಮೆರವಣಿಗೆ ತೆಗೆಯುವ ಉಮೇದು ನಮಗಿಲ್ಲ. ಶೃಂಗೇರಿಗೆ ಬರೆದ ಕಾಗದಗಳಲ್ಲೂ, ನನ್ನ ಶತ್ರುಗಳು ನಾಶವಾಗಲೆಂದು ಜಪ ತಪ ಮಾಡಿಸಿ ಎಂಬ ಕೋರಿಕೆ ಇದೆ. ಮೂರು ಸೈನ್ಯ ಮೈಮೇಲೆ ಬಂದವನಿಗೆ ಶಾರದೆಯೂ ಬೇಕಾಗಿದ್ದಳು.

ದೊರೆಗಳ ವಿಷಯ ಇಷ್ಟು ಸಾಕು. ನಮ್ಮನ್ನು ನಿದ್ದೆಗೆಡಿಸಿದ್ದು ಬೇರೆ. ಲೂಟಿಯಾದ ಮೇಲೆ ದೇವರಿಗೆ ಏನಾಯಿತು?

ಪುರೋಹಿತರ ಶಾಸ್ತ್ರ ಹೀಗಿದೆ: ಕಲ್ಲು ಕಲ್ಲೇ. ಪ್ರಾಣ ಪ್ರತಿಷ್ಠೆ ಮಾಡಿದರೆ ಅದರಲ್ಲಿ ಸಾನ್ನಿಧ್ಯ ಬರುತ್ತದೆ. ಆ ಸಾನ್ನಿಧ್ಯ ಬಂದು ಕೂತ ಅತಿಥಿಯ ಹಾಗೆ. ಮರ್ಯಾದೆ ತಪ್ಪಿದರೆ ಎದ್ದು ಹೋಗುತ್ತದೆ. ಮೂರ್ತಿ ಒಡೆದರೆ, ಬೆಂಕಿ ಬಿದ್ದರೆ, ಕಳ್ಳರು ಕದಲಿಸಿದರೆ, ಪೂಜೆ ನಿಂತರೆ ಸಾನ್ನಿಧ್ಯಕ್ಕೆ ಕೊರತೆ. ಅದನ್ನು ಮತ್ತೆ ಕರೆತರಲು ಶುದ್ಧಿ, ಹೋಮ, ಕಲಶ, ಪುನಃ ಪ್ರತಿಷ್ಠೆ. ಈಗಾದರೆ ನಮ್ಮ ಕಡೆ ಅಷ್ಟಮಂಗಲ ಪ್ರಶ್ನೆ ಇಟ್ಟು, ತಂತ್ರಿಗಳನ್ನು ಕರೆಸಿ, ಕೊನೆಗೆ ಬ್ರಹ್ಮಕಲಶೋತ್ಸವ ಮಾಡುತ್ತಾರೆ. ಇದು ಅವರ ನಂಬಿಕೆ. ನಗುವುದು ಬೇಡ. ಒಂದು ನಂಬಿಕೆಯ ಒಳಗೆ ನಿಂತು ನೋಡಿದರೆ ಇದಕ್ಕೊಂದು ಚಂದವೂ ಇದೆ. ದೇವರನ್ನು ಕೊಲ್ಲಲು ಬರುವುದಿಲ್ಲ, ಓಡಿಸಲು ಮಾತ್ರ ಬರುತ್ತದೆ. ಪ್ರೀತಿಯಿಂದ ಕರೆದರೆ ತಿರುಗಿ ಬರುತ್ತದೆ ಎಂದು ಅದರ ಅರ್ಥ. 1791ರ ಲೂಟಿ ಶೃಂಗೇರಿಯನ್ನು ಮುಗಿಸಲಿಲ್ಲವೆಂದರೆ ಅದಕ್ಕೆ ಈ ನಂಬಿಕೆಯೂ ಕಾರಣ.

ಆದರೆ ಆ ಪಟ್ಟಿಯನ್ನು ಅರ್ಧಕ್ಕೆ ನಿಲ್ಲಿಸಿದೆವು. ಪೂರ್ತಿ ಓದಬೇಕು. ಒಡೆದರೆ, ಸುಟ್ಟರೆ, ಕದ್ದರೆ ಎಂದು ಹೇಳುತ್ತ ಬರುವ ಆ ಪಟ್ಟಿಯಲ್ಲೇ ಇನ್ನೊಂದು ಸೇರಿಕೊಂಡಿದೆ: ಚಂಡಾಲರು ಹೊಕ್ಕರೆ, ಮುಟ್ಟಿದರೆ. ನಾವೇ ಅದು!

ಇದು ಓಲೆಗರಿಯಲ್ಲಿ ಮಾತ್ರ ಉಳಿದ ಮಾತಲ್ಲ. 1897ರಲ್ಲಿ ಮದರಾಸು ಸೀಮೆಯ ಕಮುದಿಯಲ್ಲಿ ನಾಡಾರರು ದೇವಸ್ಥಾನ ಹೊಕ್ಕರೆಂದು, ಶುದ್ಧಿಯ ಖರ್ಚು ತುಂಬಿಕೊಡಿ ಎಂದು ದಾವೆ ಹೂಡಿದರು. ಅದು ಲಂಡನ್ನಿನ ಪ್ರಿವಿ ಕೌನ್ಸಿಲಿನ ತನಕ ಹೋಗಿ 1908ರಲ್ಲಿ ನಾಡಾರರು ಸೋತರು. ನಮ್ಮ ಕರಾವಳಿಯದೇ ಬೇಕಾದರೆ ಮುಲ್ಕಿಯ ವೆಂಕಟರಮಣ ದೇವಸ್ಥಾನದ ಕೇಸು ಇದೆ. 1947ರ ಮದರಾಸಿನ ದೇವಾಲಯ ಪ್ರವೇಶ ಕಾಯಿದೆ ನಮಗೆ ಲಾಗೂ ಆಗದು, ಇದು ಗೌಡ ಸಾರಸ್ವತರ ಸ್ವಂತ ದೇವಸ್ಥಾನ ಎಂದು ಅದರ ಟ್ರಸ್ಟಿಗಳು ಕೋರ್ಟಿಗೆ ಹೋದರು. 1957ರ ನವೆಂಬರ್ 8ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ಎಲ್ಲ ಹಿಂದೂಗಳಿಗೂ ಬಾಗಿಲು ತೆರೆಯಬೇಕು, ಆದರೆ ಕೆಲವು ವಿಶೇಷ ಸೇವೆಗಳ ಹೊತ್ತಿಗೆ ಆ ಸಮಾಜದವರಷ್ಟೇ ಇರಬಹುದು. ಆ ತೀರ್ಪಿನಲ್ಲಿ ಆಗಮಗಳ ಚರ್ಚೆಯೂ ಬರುತ್ತದೆ. ಯಾರು ಎಲ್ಲಿಯ ತನಕ ಬರಬಹುದು, ಗೆರೆ ದಾಟಿದರೆ ಮೂರ್ತಿಗೆ ಮೈಲಿಗೆ, ಮೈಲಿಗೆಗೆ ಶುದ್ಧಿ, ಎಂದು. ನಮ್ಮ ಹುಡುಗರಲ್ಲಿ ವಕೀಲಿ ಓದುವವರು ಅದನ್ನೊಮ್ಮೆ ಓದಬೇಕು.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಖಡ್ಗ ಹಿರಿದು, ಹೆಣ ಉರುಳಿಸಿ, ಆಭರಣ ಕಿತ್ತುಕೊಂಡು ಹೋದ ಸವಾರ. ಸ್ನಾನ ಮಾಡಿ, ಒಂದು ಹಣ್ಣುಕಾಯಿ ಹಿಡಿದು, ಕೈಮುಗಿದುಕೊಂಡು ಒಳಗೆ ಬಂದ ನಮ್ಮ ಅಪ್ಪಯ್ಯ. ಇಬ್ಬರಿಂದಲೂ ಸಾನ್ನಿಧ್ಯಕ್ಕೆ ಕೊರತೆ, ಇಬ್ಬರ ಮೇಲೂ ಶುದ್ಧಿಯ ಖರ್ಚು. ವ್ಯತ್ಯಾಸ ಎಲ್ಲಿ? ಸವಾರ ಮೈಲಿಗೆ ಮಾಡಲು ಏನಾದರೂ ಮಾಡಬೇಕು. ಅಪ್ಪಯ್ಯ ಏನೂ ಮಾಡಬೇಕಾಗಿಲ್ಲ, ಬಂದು ನಿಂತರೆ ಸಾಕು. ಸವಾರ ಒಂದು ದಿನದ ದಾಳಿಕೋರ. ಅಪ್ಪಯ್ಯ ಹುಟ್ಟು ದಾಳಿಕೋರ.

ನಾವು ಕಾಲೇಜಿಗೆ ಹೋಗುತ್ತಿದ್ದಾಗ ಒಂದೂರಿನ ದೇವಸ್ಥಾನದಲ್ಲಿ ಜೀರ್ಣೋದ್ಧಾರ ಆಯಿತು. ಹೊರೆಕಾಣಿಕೆಯ ಮೆರವಣಿಗೆ ನಮ್ಮ ಕಾಲೊನಿಯ ಮುಂದೆ ಹೋಯಿತು. ನಮ್ಮವರೂ ತೆಂಗಿನಕಾಯಿ, ಅಕ್ಕಿ, ಬಾಳೆಗೊನೆ ಕೊಟ್ಟರು. ಕೊಟ್ಟದ್ದನ್ನು ವ್ಯಾನಿಗೆ ಹಾಕಿಕೊಂಡರು, ಮೈಕಿನಲ್ಲಿ ಕಾಲೊನಿಯ ಹೆಸರು ಹೇಳಿದರು. ಆ ಕಾಯಿ ನೇರವಾಗಿ ಒಳಗಿನ ಉಗ್ರಾಣಕ್ಕೆ ಹೋಯಿತು. ಅದೇ ಸಂಜೆ ನಮ್ಮ ಕೇರಿಯ ಇಬ್ಬರು ಹುಡುಗರು ಜನರ ಜೊತೆ ತೀರ್ಥಮಂಟಪದ ಮೆಟ್ಟಿಲ ತನಕ ಹೋದರು. ಯಾರೂ ಬೈಯಲಿಲ್ಲ, ಯಾರೂ ಹೊಡೆಯಲಿಲ್ಲ. ಈಗ ಹಾಗೆಲ್ಲ ಮಾಡುವುದಿಲ್ಲ. ಮಾರನೇ ದಿನ ಬೆಳಿಗ್ಗೆ ಕಾರ್ಯಕ್ರಮದ ಕಾಗದದಲ್ಲಿ ಇಲ್ಲದ ಒಂದು ಪುಣ್ಯಾಹ, ಒಂದು ಕಲಶ ನಡೆಯಿತು, ಅಷ್ಟೆ. ಯಾಕೆಂದು ಯಾರೂ ಹೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಅಜ್ಜಿಗೆ ಇದನ್ನು ಹೇಳಿದಾಗ ಅವಳು ಎಲೆಅಡಿಕೆ ಜಗಿಯುತ್ತ ಹೇಳಿದ್ದು ಇನ್ನೂ ಕಿವಿಯಲ್ಲಿದೆ. “ದೇವ್ರಿಗೆ ಕಳ್ರ್ ಕೈ ತಾಗ್ರೂ ಮೈಲ್ಗಿ, ನಮ್ ಕೈ ತಾಗ್ರೂ ಮೈಲ್ಗಿ ಅಂಬ್ರ್. ಕಳ್ರಿಗಾರೂ ಬಂಗಾರ ಸಿಕ್ತ್. ನಮ್ಗೆಂತ ಸಿಕ್ತ್?”

ಶೃಂಗೇರಿಯ ಕತೆಯನ್ನು ಪೂರ್ತಿ ಕೇಳಿಸಿಕೊಂಡವಳೂ ಅಜ್ಜಿಯೇ. ಅವಳಿಗೆ ಟಿಪ್ಪು ಯಾರು, ಪಟವರ್ಧನ ಯಾರು ಎಂಬುದು ಬೇಕಾಗಲಿಲ್ಲ. ಶಾರದೆಯನ್ನು ಪೀಠದಿಂದ ಕದಲಿಸಿದರು ಎಂಬಲ್ಲಿಗೆ ಬಂದಾಗ ಜಗಿಯುವುದನ್ನು ನಿಲ್ಲಿಸಿದಳು. “ಪಾಪ, ಹೆಣ್ಣ್ ಅಲ್ದಾ? ದಂಡ್ ಬಂದ್ರೆ ಮೊದ್ಲ್ ಹೆಣ್ಣಿಗೇ ತೊಂದ್ರಿ” ಅಂದಳು. ಮಠಕ್ಕೆ ಎಷ್ಟು ಹೋಯಿತು ಎಂದು ಕೇಳಲಿಲ್ಲ. ಆ ಹೆಣ್ಣು ಆಮೇಲೆ ಎಲ್ಲಿದ್ದಳು ಎಂದು ಕೇಳಿದಳು.

ಎಂಥ ಪ್ರಶ್ನೆ! ಚರಿತ್ರೆಯ ಪುಸ್ತಕದವರು ಯಾರಾದರೂ ಅದನ್ನು ಕೇಳಿದ್ದಾರಾ? ದಂಡು ಹೋದ ಮೇಲೆ, ಸ್ವಾಮಿಗಳು ಕಾರ್ಕಳದಲ್ಲಿ ಕೂತಿದ್ದಾಗ, ಬಿದನೂರಿನ ದವಸ ಇನ್ನೂ ಬಾರದಿದ್ದಾಗ, ಶಾರದೆ ಏನಾಗಿದ್ದಳು? ಶಾಸ್ತ್ರದ ಪ್ರಕಾರವೇ ಹೇಳುವುದಾದರೆ ಸಾನ್ನಿಧ್ಯ ಕಳೆದುಕೊಂಡವಳು. ಪರರ ಕೈ ತಾಗಿದವಳು. ಶುದ್ಧಿಯಾಗುವ ತನಕ ಮೊದಲಿನಂತೆ ಪೂಜೆಗೆ ಒಪ್ಪದವಳು. ಜಾಗ ತಪ್ಪಿದವಳು. ಈ ಶಬ್ದಗಳನ್ನೆಲ್ಲ ನಾವು ಎಲ್ಲೋ ಕೇಳಿದ್ದೇವಲ್ಲ? ನಮ್ಮ ಕೇರಿಯ ಹೆಣ್ಣುಮಕ್ಕಳ ಬಗ್ಗೆ ಊರು ಆಡುವ ಶಬ್ದಗಳು ಇವೇ. ಆ ನಡುವಿನ ದಿನಗಳಲ್ಲಿ ಶಾರದೆ ನಮ್ಮ ಕೇರಿಯವಳಾಗಿದ್ದಳು. ಆಗ ಅವಳ ಹತ್ತಿರ ಹೋಗಬಹುದಾಗಿದ್ದವರು ಇದ್ದರೆ ಅದು ನಾವೇ. ಅಜ್ಜಿಯ ‘ಪಾಪ’ ಎಂಬ ಶಬ್ದ ಅಲ್ಲಿಗೆ ಹೋಗಿ ಮುಟ್ಟಿತು, ಯಾವ ತಂತ್ರಿಯ ಅಪ್ಪಣೆಯೂ ಇಲ್ಲದೆ.

ಇದನ್ನು ಭಕ್ತಿ ಎನ್ನಬೇಕೋ ಬಂಡಾಯ ಎನ್ನಬೇಕೋ, ಓದುವ ಗೆಳೆಯರು ತೀರ್ಮಾನಿಸಲಿ. ನಾಸ್ತಿಕ ಗೆಳೆಯರು ಬೈಯುತ್ತಾರೆಂದು ಗೊತ್ತು. ಕಲ್ಲಿಗೆ ಯಾಕೆ ಅಳುತ್ತೀರಿ, ಹಸಿದವರಿಗೆ ಅಳಿ ಎನ್ನುತ್ತಾರೆ. ಅಜ್ಜಿ ಎರಡಕ್ಕೂ ಅಳುತ್ತಾಳೆ, ಅವಳಿಗೆ ಕಣ್ಣೀರಿನ ಲೆಕ್ಕವಿಲ್ಲ. ಹನ್ನೆರಡನೇ ಶತಮಾನದ ಶರಣರು ಸ್ಥಾವರ, ಜಂಗಮ ಎಂದು ಎರಡು ಮಾಡಿ ತೋರಿಸಿದರು. ದೋಚಲು ಬರುವುದು ಸ್ಥಾವರವನ್ನು. ಪೀಠದಿಂದ ಬಿದ್ದ ಶಾರದೆ ಆ ನಾಲ್ಕು ದಿನ ಜಂಗಮವಾಗಿದ್ದಳೋ ಏನೋ. ಪುನಃ ಪ್ರತಿಷ್ಠೆ ಮಾಡಿ ಮತ್ತೆ ಸ್ಥಾವರ ಮಾಡಿದರು, ಬಾಗಿಲು ಹಾಕಿದರು, ನಾವು ಹೊರಗೆ ಉಳಿದೆವು. ಟಿಪ್ಪು ಕೊಟ್ಟ ದುಡ್ಡಿನಲ್ಲಿ ಶಾರದೆ ಮರಳಿ ಪೀಠಕ್ಕೆ ಬಂದಳು, ಜಾತಿಯೂ ಮರಳಿ ತನ್ನ ಪೀಠಕ್ಕೆ ಬಂತು. ಸುಲ್ತಾನನಿಗೆ ಆ ಎರಡನೆಯದರ ಬಗ್ಗೆ ಚಿಂತೆ ಇದ್ದದ್ದು ಆ ಕಾಗದಗಳಲ್ಲಿ ಕಾಣುವುದಿಲ್ಲ.

ಇನ್ನು ನಮ್ಮ ಕೊಲ್ಲೂರು. ಅಲ್ಲಿ ಸಂಜೆಯ ಒಂದು ಪೂಜೆಗೆ ಸಲಾಂ ಮಂಗಳಾರತಿ ಎಂದು ಹೆಸರಿತ್ತು. ಟಿಪ್ಪು ಬಂದು ಸಲಾಂ ಮಾಡಿದ, ಅದಕ್ಕೇ ಆ ಹೆಸರು ಎಂದು ಜನ ಹೇಳುತ್ತಿದ್ದರು. 2022ರಲ್ಲಿ ಗಲಾಟೆ ಎದ್ದು, ಆ ವರ್ಷದ ಕೊನೆಗೆ ಸರಕಾರ ಇಂಥ ಕಡೆಗಳಲ್ಲೆಲ್ಲ ಸಲಾಂ ತೆಗೆದು ನಮಸ್ಕಾರ ಮಾಡಿತು. ಒಂದು ಶಬ್ದವನ್ನು ದೇವಸ್ಥಾನದಿಂದ ಹೊರಗೆ ಹಾಕಿದರು. ಶಬ್ದಕ್ಕೂ ಮೈಲಿಗೆ! ಆ ಶಬ್ದದ ಜಾಗದಲ್ಲಿ ನಮ್ಮನ್ನು ಒಳಗೆ ಕರೆದರೆಂಬ ಸುದ್ದಿ ಮಾತ್ರ ಇನ್ನೂ ಹೆಮ್ಮಾಡಿಗೆ ಬಂದಿಲ್ಲ.

ಕೊಲ್ಲೂರಿನ ಐತಿಹ್ಯದಲ್ಲೇ ಒಂದು ದಿಗ್ವಿಜಯ ಇದೆ. ಕೌಮಾಸುರ ಎಂಬವನು ತಪಸ್ಸಿಗೆ ಕೂತ. ವರ ಕೇಳಬಾರದೆಂದು ಅವನನ್ನು ಮೂಕ ಮಾಡಿದರು. ಬಾಯಿ ಕಟ್ಟಿದ ಮೇಲೆ ಅವನ ಹೆಸರು ಮೂಕಾಸುರ. ದೇವಿ ಅವನನ್ನು ಕೊಂದು ಮೂಕಾಂಬಿಕೆಯಾದಳು. ಕೊಂದ ಜಾಗ ಮಾರಣಕಟ್ಟೆ. ಸತ್ತವನೇ ಅಲ್ಲಿ ಬ್ರಹ್ಮಲಿಂಗೇಶ್ವರನಾಗಿ ಪೂಜೆಗೊಳ್ಳುತ್ತಾನೆ ಎಂದು ನಮ್ಮ ಕಡೆ ಹೇಳುತ್ತಾರೆ. ಚಿಕ್ಕವರಿದ್ದಾಗ ಈ ಕತೆಯಲ್ಲಿ ನಮಗೆ ಅರ್ಥವಾಗದೇ ಇದ್ದದ್ದು ಒಂದೇ: ಅವನು ಏನು ಕೇಳಬೇಕೆಂದಿದ್ದ? ಯಾರಿಗೂ ಗೊತ್ತಿಲ್ಲ, ಬಾಯಿ ಕಟ್ಟಿದ್ದರಲ್ಲ. ನೆಲ ಕೇಳುತ್ತಿದ್ದನೋ, ನೀರು ಕೇಳುತ್ತಿದ್ದನೋ, ಒಳಗೆ ಬರುತ್ತೇನೆ ಎನ್ನುತ್ತಿದ್ದನೋ. ಮಕರ ಸಂಕ್ರಾಂತಿಯ ಮಾರಣಕಟ್ಟೆ ಜಾತ್ರೆಗೆ ಹೆಮ್ಮಾಡಿಯ ಸೇವಂತಿಗೆ ಹೋಗುತ್ತದೆ. ಹೂ ಸಣ್ಣದು, ಹಳದಿ, ಘಾಟು ವಾಸನೆ. ಗದ್ದೆ ಕೊಯ್ಲಾದ ಮೇಲೆ ನೆಟ್ಟು, ನೀರು ಹೊತ್ತು ಹೊಯ್ದು, ಇಬ್ಬನಿಯಲ್ಲಿ ಬಗ್ಗಿ ಕೊಯ್ಯುವ ಕೂಲಿ ಕೆಲಸವನ್ನು ನಮ್ಮ ಮನೆಯ ಹೆಂಗಸರೂ ಮಾಡಿದ್ದಾರೆ. ಕೊಂದ ದೇವಿಯ ದಾರಿಯಲ್ಲೇ, ಅವಳಿಗಿಂತ ಮೊದಲು, ಸತ್ತವನಿಗೆ ಬುಟ್ಟಿಗಟ್ಟಲೆ ಹೂ ಹೋಗುತ್ತದೆ. ಊರಿನ ನೆನಪು ಶಾಸ್ತ್ರಕ್ಕಿಂತ ಹಟಮಾರಿ.

ಹಬಾಶಿಕನದ್ದೂ ಇಂಥದೇ ಕತೆ, ಆದರೆ ಅವನಿಗೆ ಹೂವಿಲ್ಲ. ಕೊರಗರ ದೊರೆ ಹಬಾಶಿಕ ಈ ಸೀಮೆಯನ್ನು ಆಳಿದನೆಂದೂ, ಹೆಣ್ಣು ಕೊಡುತ್ತೇವೆಂದು ನಂಬಿಸಿ ಕರೆಸಿ ಅವನನ್ನು ಕೊಂದರೆಂದೂ, ಆಮೇಲೆ ಕೊರಗರನ್ನು ಕಾಡಿಗೆ ಅಟ್ಟಿದರೆಂದೂ ಹೇಳುತ್ತಾರೆ. ಬುಕಾನನ್ ಕಿವಿಗೂ ಆ ಹೆಸರು ಬಿದ್ದಿತ್ತು. ಅದು ಎಷ್ಟು ಚರಿತ್ರೆ, ಎಷ್ಟು ಕತೆ ಎಂದು ಪಂಡಿತರು ಜಗಳವಾಡಲಿ. ಕೊರಗರ ಡೋಲು ಮಾತ್ರ ನಿಜ. ಜಾತ್ರೆಗೆ ಬೇಕು, ಅಂಗಳದಿಂದಾಚೆ ಬೇಕು. ಉಳ್ಳವರ ರೋಗ ತಮ್ಮ ಮೇಲೆ ಬರಲೆಂದು ಅವರ ಕೂದಲು ಉಗುರು ಬೆರೆಸಿದ ಅನ್ನ ಉಣ್ಣಿಸುವ ಅಜಲು ನಿಜ. ಅದನ್ನು ನಿಷೇಧಿಸಲು 2000ದಲ್ಲಿ ಕಾನೂನೇ ಮಾಡಬೇಕಾಯಿತು. ಒಂದು ಜನವನ್ನೇ ಪೀಠದಿಂದ ಕದಲಿಸಿದರಲ್ಲ, ಇವರ ಪುನಃ ಪ್ರತಿಷ್ಠೆಗೆ ಎಷ್ಟು ರಾಹತಿ, ಎಷ್ಟು ದವಸ, ಯಾವ ದೊರೆಯ ಹುಕುಂ?

ಸಭೆಯ ಹಿಂದಿನ ರಾತ್ರಿ ಹುಡುಗರು ಮೂವರು ಮನೆ ಜಗಲಿಗೆ ಬಂದು ಕೂತರು. ಪದ್ಯ ಆಯಿತಾ ಎಂದು ಕೇಳಿದರು. ಪದ್ಯ ಆಗಿಲ್ಲ, ಒಂದು ಕಾಗದ ಇದೆ ಎಂದು ಟಿಪ್ಪುವಿನ ಆ ಕಾಗದದ ವಿಷಯವನ್ನು ಹೇಳಿದೆವು. ಮೊದಲು ನಂಬಲಿಲ್ಲ. ಆಮೇಲೆ ಸಿಟ್ಟು ಬಂತು. ಆಮೇಲೆ ಸುಮ್ಮನಾದರು. ಒಬ್ಬ ಮಾತ್ರ, ಘಟ್ಟದ ಮೇಲೆ ಅಡಿಕೆ ತೋಟದ ಕೆಲಸಕ್ಕೆ ಹೋಗಿ ಬಂದವನು, ತುಂಬಾ ಹೊತ್ತು ಯೋಚನೆ ಮಾಡಿ ಕೇಳಿದ: “ಅಣ್ಣ, ಬಿದನೂರಿನಿಂದ ಶೃಂಗೇರಿಗೆ ಆ ದವಸವನ್ನು ಹೊತ್ತುಕೊಂಡು ಹೋದವರು ಯಾರು?”

ಅದು ಕಾಗದದಲ್ಲಿ ಬರೆದಿಲ್ಲ ಎಂದೆವು.

ಒಳಗಿನಿಂದ ಅಜ್ಜಿ ಹೇಳಿದಳು, “ಎತ್ತ್ ಹೊತ್ತಿರ್ಕ್. ಇಲ್ದಿರೆ ನಾವ್ ಹೊತ್ತಿರ್ಕ್.”

ಮಾರನೇ ದಿನದ ಸಭೆಗೆ ಮೂವರಲ್ಲಿ ಒಬ್ಬ ಹೋದ. ಇಬ್ಬರು ಹೋಗಲಿಲ್ಲ.